ಅವರ ಟೊಮೆಟೊ ನಿಲ್ಲಿಸಿದರೆ ನಮ್ಮ ಮಾವು ಗಡಿ ದಾಟುತ್ತಾ?

ತೋತಾಪುರಿ ಈ ಸಲ ಚೆನ್ನಾಗಿ ಹೂ ಬಿಟ್ಟಿದೆ. ಜಿಗಿಹುಳಕ್ಕೆ ಒಂದು ಸಲ ಔಷಧಿ ಹೊಡೆಸಿ ಆಯ್ತು. ಹೂ ನೋಡಿದರೆ ಖುಷಿ ಆಗಬೇಕು, ನನಗೆ ಹೋದ ಜೂನ್ ನೆನಪಾಗುತ್ತೆ. ಅದಕ್ಕೆ ಸರಿಯಾಗಿ ನಿನ್ನೆ ನಮ್ಮ ಬೆಳೆಗಾರರ ಗುಂಪಿಗೆ ಮನವಿಯ ಕರಡು ಬಂತು. ಮೊದಲನೇ ಬೇಡಿಕೆಯೇ ಇದು: ಆಂಧ್ರದವರು ಮತ್ತೆ ನಮ್ಮ ಮಾವು ತಡೆದರೆ ಕೋಲಾರ ಮಾರ್ಕೆಟ್ಟಿಗೆ ಅವರ ಟೊಮೆಟೊ ಬಿಡಬಾರದು. ಎಲ್ಲರೂ ಹೆಬ್ಬೆರಳು ಒತ್ತಿದ್ದಾರೆ. ನಾನು ಒತ್ತಲಿಲ್ಲ. ಇಬ್ಬರು ಫೋನ್ ಮಾಡಿ ಕೇಳಿದರು, ಒಬ್ಬರಂತೂ "ನೀನು ಯಾರ ಕಡೆಯೋನಪ್ಪ" ಅಂದೇಬಿಟ್ಟರು. ಅವರಿಗೆ ಉತ್ತರ ಇಲ್ಲಿದೆ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ಆಗಿದ್ದೇನು ಅಂತ ನಮಗ್ಯಾರಿಗೂ ಹೇಳಬೇಕಾಗಿಲ್ಲ. 2025ರ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದು ಅಂತ ಆದೇಶ ಮಾಡಿತು. ಗಡಿಯಲ್ಲಿ ಪೊಲೀಸರು, ಕಂದಾಯದವರು ಬಂದು ನಿಂತರು. ಶ್ರೀನಿವಾಸಪುರದ ತೋತಾಪುರಿಗೆ ದೊಡ್ಡ ಗಿರಾಕಿ ಅಂದ್ರೆ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳೇ. ಆ ವಾರ ನಾನು ಕಾಯಿ ಕೀಳಿಸಲೇ ಇಲ್ಲ. ಕೀಳುವ ಕೂಲಿ, ಟೆಂಪೊ ಬಾಡಿಗೆ ಸೇರಿಸಿದರೆ ಕೈಯಿಂದಲೇ ಹಾಕಬೇಕಿತ್ತು. ಮರದಡಿ ಬಿದ್ದು ಕೊಳೆತ ಹಣ್ಣಿನ ವಾಸನೆ ಜುಲೈವರೆಗೂ ಹೋಗಲಿಲ್ಲ. ಒಂದು ತಮಾಷೆ ನೋಡಿ, ಆ ಕಡೆಯವರು ತೋತಾಪುರಿಗೆ 'ಬೆಂಗಳೂರ' ಅಂತಾರೆ, 'ಕಲೆಕ್ಟರ್' ಅಂತಲೂ ಕರೀತಾರೆ. ಕಲೆಕ್ಟರ್ ಕಾಯಿಗೆ ಕಲೆಕ್ಟರೇ ಗೇಟು ಹಾಕಿದ ಹಾಗಾಯ್ತು.

ನಮ್ಮ ಸಿಟ್ಟು ನ್ಯಾಯವಾದದ್ದೇ. ದೇಶದೊಳಗೆ ವ್ಯಾಪಾರಕ್ಕೆ ತಡೆ ಇರಬಾರದು ಅಂತ ಸಂವಿಧಾನದ 301ನೇ ವಿಧಿ ಹೇಳುತ್ತೆ. ಸಾರ್ವಜನಿಕ ಹಿತಕ್ಕೆ ಅಂತ ರಾಜ್ಯವೊಂದು ನಿರ್ಬಂಧ ಹಾಕಬೇಕಾದರೂ 304ನೇ ವಿಧಿ ಪ್ರಕಾರ ಶಾಸನಸಭೆಯಲ್ಲಿ ಕಾನೂನು ಆಗಬೇಕು, ಅದಕ್ಕೆ ರಾಷ್ಟ್ರಪತಿಯ ಮಂಜೂರಾತಿ ಬೇಕು. ಒಂದು ಜಿಲ್ಲೆಯ ಆದೇಶ ಅಂದ್ರೆ ಕಾನೂನಲ್ಲ. ಜಿಎಸ್‌ಟಿ ಬಂದ 2017ರಲ್ಲಿ 'ಒಂದು ದೇಶ, ಒಂದು ತೆರಿಗೆ, ಒಂದು ಮಾರುಕಟ್ಟೆ' ಅಂತ ಊರೆಲ್ಲ ಸಾರಿದ್ದರು. ಲಾರಿ ನಿಲ್ಲಿಸುತ್ತಿದ್ದ ತೆರಿಗೆ ಚೆಕ್‌ಪೋಸ್ಟ್‌ಗಳನ್ನು ಕಿತ್ತೂ ಹಾಕಿದರು. ತಾಜಾ ಮಾವಿಗೆ ತೆರಿಗೆಯೂ ಇಲ್ಲ. ಆದರೂ ನಮ್ಮ ಹಣ್ಣು ದಾಟಲಿಲ್ಲ.

ಆ ಕಡೆಯ ರೈತನ ಮಾತೂ ಕೇಳೋಣ. ಅಲ್ಲೂ ಫಸಲು ಜಾಸ್ತಿ, ಫ್ಯಾಕ್ಟರಿಯವರು ಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ಕೆಜಿಗೆ ಫ್ಯಾಕ್ಟರಿ 8 ರೂಪಾಯಿ, ಸರ್ಕಾರ 4 ರೂಪಾಯಿ, ಒಟ್ಟು 12 ಅಂತ ಅಲ್ಲಿ ನಿಗದಿ ಮಾಡಿದ್ದರು. ನಮ್ಮ ಹಣ್ಣು ಅದಕ್ಕಿಂತ ಅಗ್ಗವಾಗಿ ಒಳಗೆ ಬಂದರೆ ತಮ್ಮದನ್ನು ಕೇಳೋರಿಲ್ಲ ಅನ್ನೋ ಭಯ. ಭಯ ಸುಳ್ಳಲ್ಲ. ಆದರೆ ಆ 4 ರೂಪಾಯಿ ತಮ್ಮ ರೈತನಿಗೇ ಸೇರಬೇಕು ಅಂದ್ರೆ ಪಾಸ್‌ಬುಕ್ ನೋಡಿ ಅವನ ಖಾತೆಗೆ ಹಾಕಿದರೆ ಮುಗೀತು. ಲಾರಿ ನಿಲ್ಲಿಸೋದು ಯಾಕೆ? ನಮ್ಮ ಮುಖ್ಯಮಂತ್ರಿ ಪತ್ರ ಬರೆದರು, ಕೇಂದ್ರ 2.5 ಲಕ್ಷ ಟನ್ನಿಗೆ ಬೆಲೆ ವ್ಯತ್ಯಾಸ ಕೊಡಲು ಒಪ್ಪಿತು. ಅದು ಗಾಯಕ್ಕೆ ಮುಲಾಮು, ಅಷ್ಟೇ.

ಈಗ ಟೊಮೆಟೊ ವಿಷಯ. ಕೋಲಾರ ಎಪಿಎಂಸಿಗೆ ದೂರದ ರಾಜ್ಯಗಳ ವ್ಯಾಪಾರಿಗಳು ಬರೋದು ಯಾಕೆ? ಒಂದೇ ಜಾಗದಲ್ಲಿ ಲೋಡುಗಟ್ಟಲೆ ಮಾಲು ಸಿಗುತ್ತೆ ಅಂತ. ಆ ಮಾಲಿನಲ್ಲಿ ಮದನಪಲ್ಲಿ ಕಡೆಯ ಬಾಕ್ಸೂ ಇರುತ್ತೆ. ಅದನ್ನು ನಿಲ್ಲಿಸಿದರೆ ಹರಾಜಿಗೆ ಬರೋನು ಬೇರೆ ಮಾರ್ಕೆಟ್ ನೋಡಿಕೊಳ್ತಾನೆ. ನಮ್ಮಲ್ಲೂ ಎಷ್ಟು ಜನ ರೇಟು ನೋಡಿ ಮದನಪಲ್ಲಿಗೆ ಹಾಕಲ್ವಾ? ನನ್ನ ತೋಟದಲ್ಲಿ ಕಾಯಿ ಕೀಳೋ ಆಳುಗಳು ಅರ್ಧಕ್ಕರ್ಧ ಗಡಿಯಾಚೆಯವರು. ಮನೆಯಲ್ಲಿ ತೆಲುಗು, ಪಹಣಿಯಲ್ಲಿ ಕನ್ನಡ, ಹೆಣ್ಣು ಕೊಟ್ಟು ತಂದಿರೋದು ಎರಡೂ ಕಡೆ. ಹೀಗಿರೋ ಊರವರು ನಾವು. ಗೇಟು ಹಾಕಿದರೆ ಬಿಸಿ ತಟ್ಟೋದು ಅಮರಾವತಿಗೂ ಅಲ್ಲ, ವಿಧಾನಸೌಧಕ್ಕೂ ಅಲ್ಲ.

"ನಮ್ಮಲ್ಲೇ ಪಲ್ಪ್ ಫ್ಯಾಕ್ಟರಿ ಆಗಲಿ, ಅವರ ಹಂಗೇ ಬೇಡ" ಅಂತ ಕರಡಿನಲ್ಲಿದೆ. ಆಗಲಿ, ನಾನೂ ಸಹಿ ಹಾಕ್ತೀನಿ. ಆದರೆ ಆ ಪಲ್ಪ್ ಹಡಗು ಹತ್ತಬೇಕಾದರೆ ಚೆನ್ನೈಗೆ ಹೋಗಬೇಕು. ಚಿತ್ತೂರಿನ ಮೇಲೆ ಹೋಗಲಿ, ಕೃಷ್ಣಗಿರಿ ಮೇಲೆ ಹೋಗಲಿ, ಗಡಿ ದಾಟಲೇಬೇಕು.

ನನ್ನ ತಪ್ಪೂ ಒಪ್ಪಿಕೊಳ್ತೀನಿ. 2023ರಲ್ಲಿ ಅಮುಲ್ ಬೆಂಗಳೂರಿಗೆ ಹಾಲು ತರ್ತೀನಿ ಅಂದಾಗ 'ಬರಬೇಡ' ಅಂತ ಈ ಪುಟದಲ್ಲೇ ಕೂಗಿದವನು ನಾನು. ಅದೇ ಹೊತ್ತಿಗೆ ಕೇರಳದಲ್ಲಿ ನಂದಿನಿ ಅಂಗಡಿ ತೆರೆದದ್ದಕ್ಕೆ ಅಲ್ಲಿನ ಮಿಲ್ಮಾದವರು ಕೂಗುತ್ತಿದ್ದರು. 2024ರ ನವೆಂಬರ್‌ನಲ್ಲಿ ನಂದಿನಿ ದೆಹಲಿಗೂ ಹೋಯಿತು, ಡೈರಿಗೆ ಹಾಲು ಹಾಕೋರೆಲ್ಲ ಹೆಮ್ಮೆಪಟ್ಟೆವು. ನಮ್ಮ ಹಾಲು ಎಲ್ಲಾ ಕಡೆ ಹೋಗಬೇಕು, ಬೇರೆಯವರದು ಇಲ್ಲಿಗೆ ಬರಬಾರದು ಅಂದ್ರೆ, ಚಿತ್ತೂರಿನವರಿಗೆ ಯಾವ ಬಾಯಲ್ಲಿ ಹೇಳೋದು?

ಗೇಟು ಬರೀ ರಸ್ತೆಯಲ್ಲಿ ಇಲ್ಲ, ಕಾಗದದಲ್ಲೂ ಇದೆ. ಅದರ ಬಗ್ಗೆ ಕರಡಿನಲ್ಲಿ ಒಂದಕ್ಷರ ಇಲ್ಲ. ನಮ್ಮ ಹೆಣ್ಣುಮಕ್ಕಳ ಸಂಘದವರು ಇದೇ ತೋತಾಪುರಿಯಲ್ಲಿ ಉಪ್ಪಿನಕಾಯಿ ಹಾಕ್ತಾರಲ್ಲ, ಜಿಎಸ್‌ಟಿ ನೋಂದಣಿ ಇಲ್ಲದೆ ವರ್ಷಕ್ಕೆ 40 ಲಕ್ಷದವರೆಗೂ ಬೀದರ್ ತನಕ ಮಾರಬಹುದು. ಆದರೆ ಮದನಪಲ್ಲಿಯ ಅಂಗಡಿಗೆ ಒಂದೇ ಒಂದು ಬಾಟಲಿ ಮಾರಿದರೂ ನೋಂದಣಿ ಕಡ್ಡಾಯ, ಯಾಕಂದ್ರೆ ಅದು ಹೊರರಾಜ್ಯ. ನೋಂದಣಿ ಆಯ್ತು ಅಂದ್ರೆ ವ್ಯಾಪಾರ ಇರಲಿ ಬಿಡಲಿ ರಿಟರ್ನ್ ಹಾಕಬೇಕು, ತಡವಾದರೆ ದಂಡ, ಆಡಿಟರ್ ಫೀಜು ಬೇರೆ. ಸುಲಭ ಅಂತ ಕಾಂಪೋಸಿಷನ್ ಸ್ಕೀಮಿಗೆ ಸೇರಿದವರಂತೂ ಹೊರರಾಜ್ಯಕ್ಕೆ ಸಾಮಾನು ಮಾರೋ ಹಾಗೇ ಇಲ್ಲ. 2023ರ ಅಕ್ಟೋಬರ್‌ನಿಂದ ನೋಂದಣಿ ಇಲ್ಲದ ಸಣ್ಣವರೂ ಆನ್‌ಲೈನ್ ಕಂಪನಿಗಳ ಮೂಲಕ ಮಾರಬಹುದು ಅಂತ ಬಿಟ್ಟರು, ಅದೂ ರಾಜ್ಯದೊಳಗೆ ಮಾತ್ರ. ಸೇವೆ ಕೊಡೋರಿಗೆ ಮಾತ್ರ 2017ರಲ್ಲೇ ಈ ಗಂಟು ಬಿಚ್ಚಿದ್ದಾರೆ: 20 ಲಕ್ಷದವರೆಗೆ ಹೊರರಾಜ್ಯದ ಕೆಲಸ ಮಾಡಿದರೂ ನೋಂದಣಿ ಬೇಡ. ಬೆಂಗಳೂರಲ್ಲಿ ಕೂತು ಕಂಪ್ಯೂಟರ್ ಒತ್ತೋರಿಗೆ ಸಿಕ್ಕ ವಿನಾಯಿತಿ ಉಪ್ಪಿನಕಾಯಿ ಜಾಡಿಗೆ ಯಾಕಿಲ್ಲ? ಜಿಎಸ್‌ಟಿ ಕೌನ್ಸಿಲ್‌ನಲ್ಲಿ ನಮ್ಮ ರಾಜ್ಯದ ಮಂತ್ರಿಯೂ ಕೂತಿರ್ತಾರೆ, ಅವರನ್ನು ಕೇಳೋಕೆ ನಮಗೇನು ಅಡ್ಡಿ?

ಭಾನುವಾರ ಸಭೆಗೆ ಬರ್ತೀನಿ. ಟೊಮೆಟೊ ಸಾಲು ಹಾಗೇ ಇದ್ದರೆ ಸಹಿ ಹಾಕಲ್ಲ. ಅದನ್ನು ಹೊಡೆದು ಹಾಕಿ, 'ಮೇ ತಿಂಗಳೊಳಗೆ ಎರಡೂ ಜಿಲ್ಲೆಯ ಅಧಿಕಾರಿಗಳು, ಫ್ಯಾಕ್ಟರಿಯವರು, ಎರಡೂ ಕಡೆಯ ಬೆಳೆಗಾರರು ಒಟ್ಟಿಗೆ ಕೂರಬೇಕು, ಲಾರಿ ತಡೆಯಬಾರದು' ಅಂತ ಬರೆಯಿರಿ. ಕೆಳಗೆ ಉಪ್ಪಿನಕಾಯಿದೂ ಒಂದು ಸಾಲು ಸೇರಿಸಿ. ಸಂಘದ ಅಕ್ಕಂದಿರನ್ನು ನಾನೇ ಕರ್ಕೊಂಡು ಬರ್ತೀನಿ, ಅವರ ಸಹಿಯೂ ಬೀಳಲಿ.