ಊರಿಗೊಂದು ಲೆಕ್ಕ ಬೇಡ: ಎಲ್ಲ ಕಡೆ 60 ರಾತ್ರಿ ಸಾಕು

ಸಾಂಟಾ ಕ್ಲಾರಾ ಕಣಿವೆಯ ಕನ್ನಡ ಬಂಧುಗಳೇ,

ಕ್ಯುಪರ್ಟಿನೊಗೂ ಸ್ಯಾನ್ ಹೋಸೆಗೂ ನಡುವೆ ಗಡಿಯಾಗಿ ಬೊಲಿಂಜರ್ ರಸ್ತೆ ಇದೆ. ರಸ್ತೆಯ ಉತ್ತರಕ್ಕೆ ನಿಮ್ಮ ಮನೆಯಿದ್ದರೆ, ನೀವು ಊರಲ್ಲಿಲ್ಲದಾಗ ಅದನ್ನು ಏರ್‌ಬಿಎನ್‌ಬಿಯಲ್ಲಿ ದಿನಬಾಡಿಗೆಗೆ ಬಿಡಲು ವರ್ಷಕ್ಕೆ 60 ರಾತ್ರಿ ಮಾತ್ರ ಅವಕಾಶ. ರಸ್ತೆ ದಾಟಿ ಸ್ಯಾನ್ ಹೋಸೆಗೆ ಹೋದರೆ 180. ಇತ್ತ ಹೋಮ್‌ಸ್ಟೆಡ್ ರಸ್ತೆಯಾಚೆಗಿನ ಸನಿವೇಲ್‌ನಲ್ಲಿ ರಾತ್ರಿ ಹೊತ್ತು ಮಾಲೀಕರು ಮನೆಯಲ್ಲೇ ಇರಬೇಕು. ಬೀಗದ ಕೈ ಕೊಟ್ಟು ಹೊರಟವರಿಗೆ ಒಂದು ರಾತ್ರಿಯೂ ಇಲ್ಲ. ಮೌಂಟನ್ ವ್ಯೂನಲ್ಲಿ ಮತ್ತೆ 60. ಪಾಲೊ ಆಲ್ಟೊದಲ್ಲಿ 30 ದಿನಕ್ಕಿಂತ ಕಡಿಮೆ ಅವಧಿಯ ಬಾಡಿಗೆಯೇ ನಿಷಿದ್ಧ. ಇನ್ನೂ ಮೇಲಕ್ಕೆ ಹೋದರೆ ರೆಡ್‌ವುಡ್ ಸಿಟಿಯಲ್ಲಿ 120. ಬೆಳಿಗ್ಗೆ ವಾಕಿಂಗ್ ಹೊರಟವರು ತಿಂಡಿಯ ಹೊತ್ತಿಗೆ ಮೂರು ಕಾನೂನು ದಾಟಿ ಬರಬಹುದು!

ಇದರಿಂದ ಆಗುವುದಿಷ್ಟೆ. ಒಂದು ಊರು ಬಿಗಿ ಮಾಡಿದರೆ, ದಿನಬಾಡಿಗೆಯನ್ನೇ ದಂಧೆ ಮಾಡಿಕೊಂಡವರು ಪಕ್ಕದ ಊರಿನಲ್ಲಿ ಮನೆ ಹುಡುಕುತ್ತಾರೆ. ಅಲ್ಲಿ ಮನೆ ಸಿಗದೆ ಅಲೆಯುವವರು ನಾವು: ಹೊಸದಾಗಿ ಕೆಲಸಕ್ಕೆ ಬಂದವರು, ಮಗುವಿನ ಶಾಲೆ ಬದಲಾಗದಿರಲಿ ಎಂದು ಅದೇ ಬೀದಿಯಲ್ಲಿ ಬಾಡಿಗೆಗೆ ಕೇಳುವವರು.

180 ರಾತ್ರಿಯ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ವರ್ಷಕ್ಕೆ 52 ವಾರ. ಪ್ರತಿ ಶುಕ್ರವಾರ, ಶನಿವಾರ ರಾತ್ರಿ ಬಾಡಿಗೆಗೆ ಬಿಟ್ಟರೂ ಆಗುವುದು 104. ಉಳಿದ 76 ರಾತ್ರಿಗಳಲ್ಲಿ ಬೇಸಿಗೆ ರಜೆ, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಎಲ್ಲವೂ ಮುಗಿಯುತ್ತವೆ. ಗಿರಾಕಿ ಬರುವ ರಾತ್ರಿಗಳೆಲ್ಲ ಒಳಗೆ ಬಂದ ಮೇಲೆ ಅದನ್ನು ಮಿತಿ ಎನ್ನುವುದು ಹೇಗೆ? ವರ್ಷದಲ್ಲಿ ಅರ್ಧ ಮನೆಯಲ್ಲೇ ಇಲ್ಲದವರನ್ನು ಆ ಮನೆಯ ವಾಸಿಗಳು ಎನ್ನುವುದಾದರೂ ಹೇಗೆ? ಸ್ಯಾನ್ ಫ್ರಾನ್ಸಿಸ್ಕೊ ಇದನ್ನು ನೇರವಾಗಿ ಹೇಳಿತು: ವರ್ಷಕ್ಕೆ 275 ರಾತ್ರಿ ಮಾಲೀಕರು ಅಲ್ಲೇ ವಾಸವಿರಬೇಕು, ಅವರಿಲ್ಲದಾಗ ಬಾಡಿಗೆಗೆ ಬಿಡುವುದು 90 ಮಾತ್ರ.

ಆದರೆ ಅಲ್ಲಿಯೂ ಅಂಕಿಯೊಂದರಿಂದಲೇ ಕೆಲಸ ಆಗಲಿಲ್ಲ. 2015ರ ನವೆಂಬರ್‌ನಲ್ಲಿ ಅದನ್ನು 75ಕ್ಕೆ ಇಳಿಸುವ ಪ್ರಸ್ತಾವ ಮತಕ್ಕೆ ಬಂದು ಸೋತಿತು. ಏರ್‌ಬಿಎನ್‌ಬಿ ಅದರ ವಿರುದ್ಧ ನೀರಿನಂತೆ ದುಡ್ಡು ಸುರಿದಿತ್ತು. ನಿಜವಾದ ಬದಲಾವಣೆ ಬಂದದ್ದು ನಗರವೂ ಏರ್‌ಬಿಎನ್‌ಬಿಯಂಥ ಕಂಪನಿಗಳೂ 2017ರಲ್ಲಿ ರಾಜಿಯಾದ ನಂತರ, ನಗರದಲ್ಲಿ ನೋಂದಣಿಯಾಗದ ಮನೆಗಳನ್ನು ಕಂಪನಿಗಳೇ ತೆಗೆದುಹಾಕಬೇಕಾಗಿ ಬಂದಾಗ. 2018ರ ಆರಂಭದಲ್ಲಿ ಪಟ್ಟಿಯಲ್ಲಿದ್ದ ಮನೆಗಳು ಸುಮಾರು ಅರ್ಧಕ್ಕೆ ಇಳಿದವು.

ಆದ್ದರಿಂದ ನಾವು ಕೇಳುವುದು ಎರಡು. ಕಣಿವೆಯ ಎಲ್ಲ ನಗರಗಳಲ್ಲೂ ಮಾಲೀಕರಿಲ್ಲದ ಮನೆಗೆ 60 ರಾತ್ರಿಯ ಒಂದೇ ಮಿತಿ. ನೋಂದಣಿ ಸಂಖ್ಯೆ ಇಲ್ಲದ ಮನೆಯನ್ನು ಯಾವ ಕಂಪನಿಯೂ ಪಟ್ಟಿಗೆ ಹಾಕಬಾರದು, ಎಷ್ಟು ರಾತ್ರಿ ಹೋಯಿತೆಂಬ ಲೆಕ್ಕವನ್ನು ನಗರಕ್ಕೆ ಒಪ್ಪಿಸಬೇಕು.

“ನಾವು ಊರಿಗೆ ಹೋದಾಗ ಮನೆ ಖಾಲಿ ಬೀಳುತ್ತೆ, ಸಾಲದ ಕಂತು ನಿಲ್ಲುತ್ತಾ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮೈಸೂರಿಗೋ ಶಿವಮೊಗ್ಗಕ್ಕೋ ಹೋಗಿಬರುವವರಿಗೆ 60 ರಾತ್ರಿ ಧಾರಾಳ. ಅದಕ್ಕೇ ಸನಿವೇಲ್ ನಿಯಮ ಅತಿಯಾಯಿತು ಎಂದೂ ನಾವು ಹೇಳುತ್ತೇವೆ. ತಾವೂ ಮನೆಯಲ್ಲಿದ್ದು ಒಂದು ಕೋಣೆ ಕೊಡುವವರಿಗೆ ರಾತ್ರಿಗಳ ಮಿತಿಯೇ ಬೇಡ. ಅಪ್ಪ ಅಮ್ಮ ಬಂದಾಗ ಎರಡು ಮೂರು ತಿಂಗಳಿಗೆ ಹತ್ತಿರದಲ್ಲಿ ಮನೆ ಹಿಡಿಯುವವರೂ ಹೆದರಬೇಕಿಲ್ಲ. ನಾವು ಕೇಳುತ್ತಿರುವ ಮಿತಿ 30 ದಿನಕ್ಕಿಂತ ಕಡಿಮೆಯ ಬಾಡಿಗೆಗಷ್ಟೇ.

ಸ್ಯಾನ್ ಹೋಸೆಯವರು 180ನ್ನು 60ಕ್ಕೆ ಇಳಿಸಿ ಎಂದು, ಸನಿವೇಲ್‌ನವರು ಸೊನ್ನೆಯನ್ನು 60ಕ್ಕೆ ಏರಿಸಿ ಎಂದು ನಿಮ್ಮ ಕೌನ್ಸಿಲ್ ಸದಸ್ಯರಿಗೆ ಈ ವಾರವೇ ಬರೆಯಿರಿ. ವೀಸಾದಲ್ಲಿರುವವರಿಗೆ ಮತವಿಲ್ಲ, ನಿಜ. ಆದರೆ ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಮಾತಾಡಲು ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಬನ್ನಿ, ಮಾತಾಡಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೂ ಕೊಡಿ.