ಅಪ್ಪನ ರೇಜರ್
ಆರು ವರ್ಷ ಎಲೆಕ್ಟ್ರಿಕ್ ಶೇವರ್‌ನಲ್ಲೇ ದಾಡಿ ಮಾಡಿಕೊಂಡೆ. ಮೀಟಿಂಗ್‌ಗೆ ಮೂರು ನಿಮಿಷ ಇದ್ದರೂ ಸಾಕಾಗುತ್ತಿತ್ತು. ಕುತ್ತಿಗೆಯ ಕೆಂಪು ಗುಳ್ಳೆ ಮಾತ್ರ ಹೋಗಲೇ ಇಲ್ಲ. ದೀಪಾವಳಿಗೆ ತಿಕೋಟಾಕ್ಕೆ ಹೋದಾಗ ಅಪ್ಪ ನೋಡಿ, ‘ಕೂದಲಾ ಯಾವ ಕಡೆ ಬೆಳದಾವು, ಆ ಕಡೇನ ಎಳಿಬೇಕಪಾ. ಒತ್ತಬ್ಯಾಡ, ರೇಜರ್ ಭಾರಾನ ಸಾಕು’ ಅಂದು ತಮ್ಮ ಹಳೇ ರೇಜರ್ ಕೊಟ್ಟರು.

ವಿಜಯಪುರದ ನಮ್ಮ ಮನೆಯ ಬೋರಿನ ಗಡಸು ನೀರಿಗೆ ಬುರುಗು ಬರಲಿಲ್ಲ. ಕುಡಿಯುವ ನೀರು ಬಿಸಿ ಮಾಡಿಕೊಂಡ ಮೇಲೆ ಬಂತು. ಮೊದಲ ವಾರ ಎರಡು ಸಲ ರಕ್ತ, ಅದರ ಮೇಲೆ ಪಟಕ. ತಿಂಗಳೊಳಗೆ ಗುಳ್ಳೆ ಮಾಯ.

ಕೈ ನಡುಗುತ್ತದೆಂದೇ ಅಪ್ಪ ರೇಜರ್ ಬಿಟ್ಟಿದ್ದರು ಅಂತ ಅವ್ವ ಆಮೇಲೆ ಹೇಳಿದಳು. ಈಗ ನನ್ನ ಶೇವರ್ ಅವರ ಹತ್ತಿರ ಇದೆ. ರವಿವಾರ ಮಾತ್ರ ಊರಿಗೆ ಹೋಗಿ ನಾನೇ ಬ್ರಷ್ ಹಿಡಿಯುತ್ತೇನೆ. ಅವರು ಗದ್ದ ಎತ್ತಿ ಕಣ್ಣು ಮುಚ್ಚುತ್ತಾರೆ.