ದುಡ್ಡಿದ್ದವನಿಗೆ ಸ್ಟೆನ್‌ಗನ್: ಅಮೆರಿಕದ ದಾರಿ ಭಾರತಕ್ಕೆ ಬೇಡ

ಅಮೆರಿಕದಲ್ಲಿ ಸಾಮಾನ್ಯ ನಾಗರಿಕನೊಬ್ಬ ಸಬ್ ಮೆಷಿನ್ ಗನ್ ಖರೀದಿಸಿ ಮನೆಯಲ್ಲಿ ಇಟ್ಟುಕೊಳ್ಳಬಹುದು ಎಂದರೆ ಇಲ್ಲಿ ಅನೇಕರಿಗೆ ನಂಬಿಕೆ ಬರಲಿಕ್ಕಿಲ್ಲ. ಆದರೆ ಅದು ನಿಜ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿ ಮಕ್ಕಳು, ಮೊಮ್ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿರುವ ಕನ್ನಡಿಗ ಕುಟುಂಬಗಳು ಇಂದು ಸಾಕಷ್ಟಿವೆ. ಅಲ್ಲಿನ ಶಾಲೆಯಲ್ಲೋ ಮಾಲ್‌ನಲ್ಲೋ ಗುಂಡು ಹಾರಿದ ಸುದ್ದಿ ಬಂದಾಗಲೆಲ್ಲ ಇಲ್ಲಿನ ಹೆತ್ತವರು ಫೋನಿನ ಮುಂದೆ ಕುಳಿತುಕೊಳ್ಳುತ್ತಾರೆ. ಹೀಗಿದ್ದರೂ ಭಾರತದಲ್ಲೂ ಆತ್ಮರಕ್ಷಣೆಗಾಗಿ ಜನರಿಗೆ ಬಂದೂಕು ಸಲೀಸಾಗಿ ಸಿಗಬೇಕು ಎಂಬ ವಾದ ಆಗಾಗ ತಲೆ ಎತ್ತುತ್ತಿದೆ. ಹಾಗೆ ವಾದಿಸುವವರು ಅಮೆರಿಕದ ಕಾನೂನಿನ ಕತೆಯನ್ನು ಒಮ್ಮೆ ಪೂರ್ತಿಯಾಗಿ ನೋಡುವುದು ಒಳ್ಳೆಯದು.

ಸಬ್ ಮೆಷಿನ್ ಗನ್ ಎಂದರೆ ಪಿಸ್ತೂಲಿನ ಗುಂಡನ್ನೇ ಬಳಸಿ, ಟ್ರಿಗರ್ ಒತ್ತಿ ಹಿಡಿದಿರುವಷ್ಟು ಹೊತ್ತು ಎಡೆಬಿಡದೆ ಹಾರಿಸುವ ಚಿಕ್ಕ ಬಂದೂಕು. ಹಳೆಯ ಪತ್ರಿಕಾ ಓದುಗರಿಗೆ ಇದು ಸ್ಟೆನ್‌ಗನ್ ಎಂದೇ ಪರಿಚಿತ. ಅಮೆರಿಕದಲ್ಲಿ ಇದರ ಮೊದಲ ಅವತಾರ 1921ರಲ್ಲಿ ಮಾರುಕಟ್ಟೆಗೆ ಬಂದ ಥಾಮ್ಸನ್, ಅಂದರೆ ‘ಟಾಮಿ ಗನ್’. ಸೈನ್ಯಕ್ಕೆಂದು ತಯಾರಾದ ಅದು ಪಾನನಿರೋಧದ ಕಾಲದ ಕಳ್ಳಸಾಗಣೆದಾರರ ಕೈಸೇರಿತು. 1929ರ ಫೆಬ್ರವರಿ 14ರಂದು ಶಿಕಾಗೋದ ಗ್ಯಾರೇಜೊಂದರಲ್ಲಿ ಏಳು ಮಂದಿಯನ್ನು ಗೋಡೆಗೆ ನಿಲ್ಲಿಸಿ ಕೊಂದ ಘಟನೆಯಲ್ಲಿ ಬಳಕೆಯಾದದ್ದು ಇದೇ ಬಂದೂಕು.

ಜನರ ಆಕ್ರೋಶಕ್ಕೆ ಮಣಿದ ಅಮೆರಿಕದ ಸಂಸತ್ತು 1934ರಲ್ಲಿ ರಾಷ್ಟ್ರೀಯ ಬಂದೂಕು ಕಾಯ್ದೆಯನ್ನು ತಂದಿತು. ವಿಶೇಷವೆಂದರೆ ಅದು ಸ್ವಯಂಚಾಲಿತ ಬಂದೂಕನ್ನು ನಿಷೇಧಿಸಲಿಲ್ಲ, ಅದರ ಮೇಲೆ ತೆರಿಗೆ ಹಾಕಿತು. ಪ್ರತಿ ಬಂದೂಕಿನ ನೋಂದಣಿ ಆಗಬೇಕು, ಕೈ ಬದಲಾದಾಗಲೆಲ್ಲ 200 ಡಾಲರ್ ಕಟ್ಟಬೇಕು. ಆಗ ಟಾಮಿ ಗನ್ನಿನ ಬೆಲೆಯೇ ಸುಮಾರು 200 ಡಾಲರ್ ಆಗಿತ್ತು. ಹೀಗಾಗಿ ಬಂದೂಕಿನಷ್ಟೇ ತೆರಿಗೆಯೂ ದುಬಾರಿಯಾಯಿತು. ಆ 200 ಡಾಲರ್ ಮೊತ್ತ ಸ್ವಯಂಚಾಲಿತ ಬಂದೂಕುಗಳ ಮಟ್ಟಿಗೆ ಇಂದಿಗೂ ಬದಲಾಗಿಲ್ಲ.

ಎರಡನೆಯ ಬೀಗ ಬಿದ್ದದ್ದು 1986ರ ಮೇ 19ರಂದು. ಅಂದಿನಿಂದ ಹೊಸದಾಗಿ ತಯಾರಾದ ಸ್ವಯಂಚಾಲಿತ ಬಂದೂಕು ನಾಗರಿಕರಿಗೆ ಸಿಗದು. ಆದರೆ ಅದಕ್ಕೆ ಮೊದಲೇ ನೋಂದಣಿಯಾದವುಗಳನ್ನು ಕೊಳ್ಳಬಹುದು, ಮಾರಬಹುದು. ಬೆರಳಚ್ಚು, ಭಾವಚಿತ್ರ ಕೊಟ್ಟು, ಕೇಂದ್ರದ ತನಿಖೆಗೆ ಒಳಗಾಗಿ, ಒಪ್ಪಿಗೆ ಬರುವ ತನಕ ಕಾಯಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂತಹ ರಾಜ್ಯಗಳಲ್ಲಿ ಅದಕ್ಕೂ ಅವಕಾಶವಿಲ್ಲ. ದೇಶದಾದ್ಯಂತ ಇಂತಹ ಹಳೆಯ ಬಂದೂಕುಗಳ ಸಂಖ್ಯೆ ಎರಡು ಲಕ್ಷಕ್ಕೂ ಕಡಿಮೆ. ಸರಕು ಸೀಮಿತ, ಗಿರಾಕಿ ಹೆಚ್ಚು. ಹೊಸದಿದ್ದಾಗ ಕೆಲವೇ ನೂರು ಡಾಲರ್‌ಗೆ ಸಿಗುತ್ತಿದ್ದ ತಗಡಿನ ‘ಮ್ಯಾಕ್-10’ ಇಂದು ಹತ್ತು ಸಾವಿರ ಡಾಲರ್ ಆಸುಪಾಸಿನಲ್ಲಿದೆ, ಅಂದರೆ ಎಂಟು ಲಕ್ಷ ರೂಪಾಯಿಗೂ ಮೇಲೆ. ಜರ್ಮನಿಯ ‘ಎಂಪಿ-5’ ಮಾದರಿಯದ್ದು ಮೂವತ್ತು-ನಲವತ್ತು ಸಾವಿರ ಡಾಲರ್ ದಾಟುವುದೂ ಉಂಟು.

ಕಬ್ಬಿಣಕ್ಕೆ ಅಷ್ಟು ಬೆಲೆಯಿಲ್ಲ

ಹಾಗಾದರೆ ಇಂತಹ ಬಂದೂಕನ್ನು ತಯಾರಿಸಲು ನಿಜಕ್ಕೂ ಎಷ್ಟು ಖರ್ಚು ಬೀಳುತ್ತದೆ? ಉತ್ತರ ಹೊರನಾಡ ಕನ್ನಡಿಗರ ಎರಡು ನಗರಗಳಲ್ಲೇ ಇದೆ. ಪುಣೆಯಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಎಆರ್‌ಡಿಇ ಮತ್ತು ಭೂಸೇನೆ ಸೇರಿ ‘ಅಸ್ಮಿ’ ಎಂಬ 9 ಎಂಎಂ ಬಂದೂಕನ್ನು ರೂಪಿಸಿವೆ. 2021ರ ಜನವರಿಯಲ್ಲಿ ಅದನ್ನು ಪ್ರಕಟಿಸಿದಾಗ ತಯಾರಿಕಾ ವೆಚ್ಚ ಒಂದಕ್ಕೆ 50 ಸಾವಿರ ರೂಪಾಯಿಗಿಂತ ಕಡಿಮೆ ಎಂದು ಅಂದಾಜಿಸಲಾಗಿತ್ತು. 2024ರಲ್ಲಿ ಸೇನೆಯ ಉತ್ತರ ಕಮಾಂಡಿಗೆ 550 ಅಸ್ಮಿಗಳನ್ನು ತಯಾರಿಸಿಕೊಡುವ ಕೆಲಸ ಹೈದರಾಬಾದಿನ ಕಂಪೆನಿಗೆ ದೊರೆಯಿತು. ಐವತ್ತು ಸಾವಿರದ ಸರಕಿಗೆ ಅಮೆರಿಕದಲ್ಲಿ ಎಂಟು ಲಕ್ಷ, ಮೂವತ್ತು ಲಕ್ಷ ಬೆಲೆ ಬರಲು ಕಾರಣ ಅಲ್ಲಿನ ಕಾನೂನು. ಅಪಾಯಕಾರಿ ಎಂದು ಒಪ್ಪಿಕೊಂಡ ಮೇಲೂ ಅದು ಬಾಗಿಲನ್ನು ಮುಚ್ಚಲಿಲ್ಲ, ಬಾಗಿಲಿನ ಕೀಲಿಕೈಯನ್ನು ಶ್ರೀಮಂತರ ಕೈಗೆ ಕೊಟ್ಟಿತು.

ಕಾನೂನುಬದ್ಧವಾಗಿ ನೋಂದಣಿಯಾದ ಇಂತಹ ಬಂದೂಕುಗಳು ಅಪರಾಧಕ್ಕೆ ಬಳಕೆಯಾದದ್ದು ತೀರಾ ಅಪರೂಪ ಎಂದು ಅಲ್ಲಿನ ಬೆಂಬಲಿಗರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ದುಬಾರಿ ಬೆಲೆಯ ಬೀಗವನ್ನು ಅಗ್ಗದ ಸಾಧನ ಒಡೆಯಬಲ್ಲದು. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನಲ್ಲಿ ಸಂಗೀತ ಕೇಳಲು ಸೇರಿದ್ದ ಜನರ ಮೇಲೆ ಹೋಟೆಲಿನ ಕಿಟಕಿಯಿಂದ ಗುಂಡಿನ ಮಳೆಗರೆದವನ ಬಳಿ ‘ಬಂಪ್ ಸ್ಟಾಕ್’ ಎಂಬ ಜೋಡಣೆ ಇತ್ತು. ಸಾಧಾರಣ ರೈಫಲನ್ನು ಅದು ಮೆಷಿನ್ ಗನ್ನಿನ ವೇಗಕ್ಕೆ ತರುತ್ತದೆ. ಗಾಯಗೊಂಡು ಅನಂತರ ತೀರಿಕೊಂಡವರೂ ಸೇರಿ ಅಂದು ಬಲಿಯಾದವರು 60 ಮಂದಿ. ಸರಕಾರ ಆ ಸಾಧನವನ್ನು ನಿಷೇಧಿಸಿತು. ಆದರೆ 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿರುವ ಮೆಷಿನ್ ಗನ್ನಿನ ವ್ಯಾಖ್ಯೆಗೆ ಅದು ಒಳಪಡುವುದಿಲ್ಲ ಎಂದು ನಿಷೇಧವನ್ನು ತಳ್ಳಿಹಾಕಿತು. ಅರವತ್ತು ಹೆಣಗಳು ಬಿದ್ದ ಮೇಲೂ ಚರ್ಚೆ ಟ್ರಿಗರ್ ಹೇಗೆ ಕೆಲಸ ಮಾಡುತ್ತದೆ ಎಂಬಲ್ಲಿಗೇ ಬಂದು ನಿಂತಿತು.

ಭಾರತದ ಮುಚ್ಚಿದ ಬಾಗಿಲು

ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಈ ಗೊಂದಲಕ್ಕೆ ಆಸ್ಪದ ಕೊಟ್ಟಿಲ್ಲ. ಟ್ರಿಗರ್ ಬಿಡುವ ತನಕ ಅಥವಾ ಮ್ಯಾಗಜಿನ್ ಖಾಲಿಯಾಗುವ ತನಕ ಗುಂಡು ಹಾರಿಸುವ ಬಂದೂಕು ‘ನಿಷೇಧಿತ ಅಸ್ತ್ರ’. ಕೇಂದ್ರ ಸರಕಾರದ ವಿಶೇಷ ಅನುಮತಿಯಿಲ್ಲದೆ ಅದನ್ನು ಹೊಂದುವುದಕ್ಕೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ 7, ಗರಿಷ್ಠ 14 ವರ್ಷ ಸೆರೆವಾಸ. ಇಲ್ಲಿ ಅದಕ್ಕೆ ಬೆಲೆಪಟ್ಟಿಯೇ ಇಲ್ಲ. ಹಣ, ಹೆಸರು ಯಾವುದೂ ನೆರವಿಗೆ ಬರುವುದಿಲ್ಲ ಎಂಬುದನ್ನು ಮುಂಬಯಿ ಕಣ್ಣಾರೆ ಕಂಡಿದೆ. ಎಕೆ-56 ಇಟ್ಟುಕೊಂಡ ಪ್ರಕರಣದಲ್ಲಿ ನಟ ಸಂಜಯ್ ದತ್‌ಗೆ 2013ರಲ್ಲಿ ಸುಪ್ರೀಂ ಕೋರ್ಟ್ ಐದು ವರ್ಷದ ಶಿಕ್ಷೆಯನ್ನು ನಿಗದಿಪಡಿಸಿತು. ಆಗ ಕಾಯ್ದೆಯಲ್ಲಿದ್ದ ಕನಿಷ್ಠ ಶಿಕ್ಷೆಯೇ ಅದು.

2008ರ ನವೆಂಬರ್ 26ರ ರಾತ್ರಿಯನ್ನು ನೆನಪಿಸಿ, ಅಂದು ಜನರ ಕೈಯಲ್ಲಿ ಬಂದೂಕಿದ್ದಿದ್ದರೆ ಎಂದು ಕೇಳುವವರಿದ್ದಾರೆ. ಪ್ರಶ್ನೆಯ ಹಿಂದಿನ ನೋವು ಅರ್ಥವಾಗುವಂಥದ್ದೇ. ಆದರೆ ಕತ್ತಲು, ಕಿರುಚಾಟ, ನೂಕುನುಗ್ಗಲಿನ ನಡುವೆ ಹತ್ತಾರು ಮಂದಿ ಗುಂಡು ಹಾರಿಸತೊಡಗಿದರೆ ಉಗ್ರನಾರು, ಪ್ರಯಾಣಿಕನಾರು ಎಂದು ಪೊಲೀಸರು ತಿಳಿಯುವುದು ಹೇಗೆ? ಅಂದು ಲಾಠಿ ಹಿಡಿದಿದ್ದ ತುಕಾರಾಮ್ ಓಂಬ್ಳೆ ಎಕೆ-47ರ ನಳಿಗೆಯನ್ನು ಬರಿಗೈಯಲ್ಲಿ ಹಿಡಿದು ಪ್ರಾಣ ತೆತ್ತರು. ಆ ಬಲಿದಾನ ಕಲಿಸಿದ ಪಾಠ ಪೊಲೀಸರಿಗೆ ಒಳ್ಳೆಯ ಆಯುಧ, ತರಬೇತಿ ಬೇಕು ಎಂಬುದು. ‘ಫೋರ್ಸ್ ಒನ್’ ಪಡೆ ಹುಟ್ಟಿದ್ದೂ, ಎನ್‌ಎಸ್‌ಜಿ ನೆಲೆ ಮುಂಬಯಿಗೆ ಬಂದದ್ದೂ ಅದರಿಂದಲೇ.

ಊರಿನ ಕೋವಿಯ ಮಾತು

ಕನ್ನಡ ನಾಡಿಗೆ ಕೋವಿ ಹೊಸತೇನಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಿಗೆಯಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದ್ದು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ಸಾಧಾರಣ ಕೋವಿಗೆ ಮಾತ್ರ, ಸ್ವಯಂಚಾಲಿತ ಅಸ್ತ್ರಕ್ಕಲ್ಲ. ಕರಾವಳಿ, ಮಲೆನಾಡಿನ ಕೃಷಿಕರು ಹಂದಿ, ಮಂಗಗಳ ಹಾವಳಿ ತಡೆಯಲು ಬೆಳೆ ರಕ್ಷಣೆಯ ಕೋವಿ ಇಟ್ಟುಕೊಳ್ಳುತ್ತಾರೆ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುತ್ತಾರೆ. ಅಗತ್ಯ, ಶಿಸ್ತು, ಲೆಕ್ಕ ಮೂರೂ ಅಲ್ಲಿವೆ. ಕಾನೂನು ಗೌರವಿಸಬೇಕಾದದ್ದು ಇಂತಹ ಅಗತ್ಯವನ್ನೇ ಹೊರತು ಹಣವಂತರ ಶೋಕಿಯನ್ನಲ್ಲ.

ಇಲ್ಲೇ ಹೊರನಾಡ ಕನ್ನಡಿಗರು ಎಚ್ಚರ ವಹಿಸಬೇಕಾದ ವಿಷಯವೊಂದಿದೆ. ಊರಿನಲ್ಲಿ ತಂದೆಯೋ ಮಾವನೋ ತೀರಿಕೊಂಡ ಬಳಿಕ ಅವರ ಹೆಸರಿನ ಪರವಾನಿಗೆ ಮಕ್ಕಳಿಗೆ ತಾನಾಗಿ ಬರುವುದಿಲ್ಲ. ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಅಧಿಕೃತ ಮಾರಾಟಗಾರರಲ್ಲೋ ಠೇವಣಿ ಇಟ್ಟು, ವಾರಸುದಾರರು ಹೊಸ ಪರವಾನಿಗೆಗೆ ಅರ್ಜಿ ಹಾಕಬೇಕು. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಸಲ್ಲದು, ಪಿತ್ರಾರ್ಜಿತವಾದರೂ ಅಷ್ಟೇ. ಪರವಾನಿಗೆ ಇಲ್ಲದ ಸಾಧಾರಣ ಕೋವಿಗೂ ಎರಡರಿಂದ ಐದು ವರ್ಷ ಜೈಲು ಕಾದಿದೆ. ಮುಂಬಯಿಯಲ್ಲಿ ಕುಳಿತವರಿಗೆ ಊರಿನ ಅಟ್ಟದ ಮೇಲಿನ ತುಕ್ಕು ಹಿಡಿದ ಕೋವಿ ನೆನಪಿಗೇ ಬಾರದಿರಬಹುದು, ಕಾನೂನು ಮಾತ್ರ ಮರೆಯುವುದಿಲ್ಲ.

ಆರೋಗ್ಯ ಶಿಬಿರ, ವಿದ್ಯಾರ್ಥಿವೇತನ ವಿತರಣೆ ನಡೆಸುವ ಕನ್ನಡ ಸಂಘಗಳಲ್ಲಿ ವಕೀಲರಿಗೆ ಕೊರತೆಯಿಲ್ಲ. ವರ್ಷಕ್ಕೊಮ್ಮೆ ಆಸ್ತಿಪತ್ರ, ವಾರಸುದಾರಿಕೆಯ ಜೊತೆಗೆ ಕೋವಿ ಪರವಾನಿಗೆಯ ಬಗ್ಗೆಯೂ ಮಾಹಿತಿ ಶಿಬಿರ ಏರ್ಪಡಿಸಿದರೆ ಎಷ್ಟೋ ಮನೆಗಳ ತಲೆನೋವು ತಪ್ಪೀತು. ಹಾಗೆಯೇ ಬಂದೂಕು ಕಾನೂನು ಸಡಿಲವಾಗಲಿ ಎಂಬ ಕೂಗು ಎದ್ದಾಗ ಅದನ್ನು ವಿರೋಧಿಸುವ ಧೈರ್ಯವೂ ಸಂಘಗಳಿಗೆ ಇರಬೇಕು. ಒಮ್ಮೆ ಕೈಬಿಟ್ಟ ಅಸ್ತ್ರವನ್ನು ಮರಳಿ ಪಡೆಯುವುದು ಎಷ್ಟು ಕಷ್ಟ ಎಂಬುದನ್ನು ಅಮೆರಿಕ ತೊಂಬತ್ತು ವರ್ಷಗಳಿಂದ ತೋರಿಸುತ್ತಲೇ ಇದೆ.